ನಿಮ್ಮ ಪ್ರಶ್ನೆ, ನಮ್ಮ ಉತ್ತರ: 4294967297ರ ಒಳಗೇನಿದೆ?

ಕಳೆದ ಸಂಚಿಕೆಯ ಗಣಿತ ಪುಟದಲ್ಲಿ ಒಂದು ಸವಾಲು ಹಾಕಿದ್ದೆವು: 4294967297 ಅವಿಭಾಜ್ಯ ಸಂಖ್ಯೆಯೇ? ಬರೀ ಕಾಗದ, ಪೆನ್ನು ಇಟ್ಟುಕೊಂಡು ತೀರ್ಮಾನಿಸಿ. ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಬಂದ ಪತ್ರಗಳಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇ ಹೆಚ್ಚಿದ್ದವು. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಈ ಸಲದ ಪುಟಗಳನ್ನೆಲ್ಲ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: 2, 3, 5ರಿಂದ ಭಾಗವಾಗದು ಎಂಬುದು ನೋಡಿದೊಡನೆ ತಿಳಿಯಿತು. ಅಲ್ಲಿಂದ 97ರವರೆಗೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಬಂದೆ. ಪ್ರತಿ ಸಲವೂ ಶೇಷ ಉಳಿಯಿತು. ಅವಿಭಾಜ್ಯ ಎಂದು ಬರೆದುಬಿಡಲೇ? ಎಲ್ಲಿಯವರೆಗೆ ಭಾಗಿಸಿದರೆ ಸಾಕು?
— ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬರೆಯಬೇಡಿ. 97ಕ್ಕೆ ನಿಲ್ಲಿಸಿದರೆ ಏನೂ ಸಿದ್ಧವಾಗುವುದಿಲ್ಲ. ಒಂದು ಸಂಖ್ಯೆ ಒಡೆಯುವುದಾದರೆ ಅದರ ಒಂದು ಅಪವರ್ತನವಾದರೂ ವರ್ಗಮೂಲದೊಳಗೆ ಇರಲೇಬೇಕು. ಹಾಗಾಗಿ ವರ್ಗಮೂಲದವರೆಗೆ ಹೋಗಬೇಕು. 65536ರ ವರ್ಗ 4294967296. ನಮ್ಮ ಸಂಖ್ಯೆ ಅದಕ್ಕಿಂತ ಒಂದೇ ಒಂದು ದೊಡ್ಡದು. ಅಂದರೆ ನೀವು 65536ರವರೆಗಿನ ಅವಿಭಾಜ್ಯಗಳನ್ನೆಲ್ಲ ಪರೀಕ್ಷಿಸಬೇಕು. ಅವು 6542 ಇವೆ. ನೀವು ಮುಗಿಸಿರುವುದು 25.

ಸಣ್ಣ ಅವಿಭಾಜ್ಯಗಳಿಗಾದರೆ ಅಡ್ಡದಾರಿಗಳಿವೆ. ಅಂಕಿಗಳ ಮೊತ್ತ 59, ಆದ್ದರಿಂದ 3ರಿಂದ ಭಾಗವಾಗದು. 7, 11, 13 ಮೂರನ್ನೂ ಒಂದೇ ಏಟಿಗೆ ಮುಗಿಸಬಹುದು, ಏಕೆಂದರೆ 7 × 11 × 13 = 1001. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿಸುತ್ತ ಮುಂದಿನದನ್ನು ಕಳೆಯುತ್ತ ಹೋಗಿ: 297 − 967 + 294 − 4 = −380. 380 ಈ ಮೂರರಲ್ಲಿ ಯಾವುದರಿಂದಲೂ ಭಾಗವಾಗುವುದಿಲ್ಲ. ಇಲ್ಲಿ ಲಕ್ಷ, ಕೋಟಿಯ ಅಲ್ಪವಿರಾಮ ಹಾಕಿಕೊಂಡರೆ ಲೆಕ್ಕ ಕೆಡುತ್ತದೆ; ಗುಂಪು ಕಡ್ಡಾಯವಾಗಿ ಮೂರು ಅಂಕಿಗಳದ್ದೇ ಆಗಬೇಕು. ಹಲವರು ಇಲ್ಲೇ ಎಡವಿದ್ದಾರೆ.

ಆದರೆ ಇವೆಲ್ಲ ಯಾವುದೇ ಸಂಖ್ಯೆಗೂ ಹೊಂದುವ ಉಪಾಯಗಳು. ಈ ಸಂಖ್ಯೆಗೇ ಒಂದು ವಿಶೇಷ ರೂಪವಿದೆ: 65536 ಎಂದರೆ 2¹⁶, ಅದರ ವರ್ಗ 2³². ಹಾಗಾಗಿ 4294967297 = 2³² + 1. ಇದನ್ನು ಗಮನಿಸಿದ ಕ್ಷಣದಿಂದ 6542 ಭಾಗಾಕಾರಗಳ ಅಗತ್ಯವೇ ಇಲ್ಲ. 2³² + 1ನ್ನು ಭಾಗಿಸುವ ಯಾವುದೇ ಅವಿಭಾಜ್ಯ 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು (ಕಾರಣ ಮುಂದಿನ ಉತ್ತರದಲ್ಲಿದೆ). ಆ ಪಟ್ಟಿ ಮಾಡಿ: 65, 129, 193, 257, 321, 385, 449, 513, 577, 641... ಇವುಗಳಲ್ಲಿ ಅವಿಭಾಜ್ಯಗಳನ್ನು ಮಾತ್ರ ಇಟ್ಟುಕೊಂಡರೆ 193, 257, 449, 577, 641. ಭಾಗಿಸಿ ನೋಡಿ. 193ಕ್ಕೆ ಶೇಷ 109, 257ಕ್ಕೆ 2, 449ಕ್ಕೆ 325, 577ಕ್ಕೆ 288, 641ಕ್ಕೆ ಸೊನ್ನೆ.

4294967297 = 641 × 6700417. ಐದೇ ಭಾಗಾಕಾರ. 2ರಿಂದ ಶುರುಮಾಡಿ ಸಾಲಾಗಿ ಬಂದಿದ್ದರೆ 641 ಎಂಬುದು 116ನೆಯ ಅವಿಭಾಜ್ಯ. ನೀವು ಇನ್ನೂ 91 ಭಾಗಾಕಾರ ಮಾಡಬೇಕಿತ್ತು.

ಪ್ರಶ್ನೆ: 64ರ ಗುಣಕಕ್ಕಿಂತ ಒಂದು ಹೆಚ್ಚು ಎಂಬ ನಿಯಮವನ್ನು ಒಂದು ಪುಸ್ತಕದಲ್ಲಿ ಓದಿದ್ದೆ. ಇನ್ನೊಂದರಲ್ಲಿ 128 ಎಂದಿದೆ. ಯಾವುದು ಸರಿ? ಸಾಧನೆಯನ್ನು ಹತ್ತನೆಯ ತರಗತಿಯ ಮಕ್ಕಳಿಗೆ ಹೇಳುವಷ್ಟು ಸರಳವಾಗಿ ಕೊಡಬಹುದೇ?
— ಪ್ರೌಢಶಾಲಾ ಶಿಕ್ಷಕರು, ಧಾರವಾಡ

ಉತ್ತರ: ಎರಡೂ ಸರಿ. 64 ಗಣಿತಜ್ಞ ಆಯ್ಲರ್ ಬಳಸಿದ ನಿಯಮ, 128 ಅದನ್ನು ಲ್ಯೂಕಾ 19ನೆಯ ಶತಮಾನದಲ್ಲಿ ಬಿಗಿಗೊಳಿಸಿದ್ದು. 64ರ ಸಾಧನೆಗೆ ಶೇಷಗಳ ಲೆಕ್ಕ ಗೊತ್ತಿದ್ದರೆ ಸಾಕು.

2³² + 1ನ್ನು ನಿಶ್ಶೇಷವಾಗಿ ಭಾಗಿಸುವ ಅವಿಭಾಜ್ಯವನ್ನು ಅ ಎಂದುಕೊಳ್ಳಿ. ಹಾಗಿದ್ದರೆ 2³²ನ್ನು ಅ ಇಂದ ಭಾಗಿಸಿದಾಗ ಶೇಷ −1 (ಅಂದರೆ ಪೂರ್ತಿ ಭಾಗವಾಗಲು ಒಂದು ಕಡಿಮೆ). ಅದನ್ನು ವರ್ಗ ಮಾಡಿದರೆ 2⁶⁴ರ ಶೇಷ 1. ಈಗ 2ರ ಘಾತಗಳಲ್ಲಿ ಮೊದಲ ಬಾರಿಗೆ ಶೇಷ 1 ಬರುವುದು ಎಷ್ಟನೆಯ ಘಾತದಲ್ಲಿ? ಆ ಘಾತಾಂಕ 64ನ್ನು ಭಾಗಿಸಬೇಕು, ಅಂದರೆ 1, 2, 4, 8, 16, 32, 64 ಇವುಗಳಲ್ಲಿ ಒಂದಾಗಿರಬೇಕು. 32 ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ 2³²ರ ಶೇಷವೂ 1 ಆಗಬೇಕಿತ್ತು. ಆದರೆ ಅದು −1. ಉಳಿದದ್ದು 64 ಒಂದೇ. ಇತ್ತ ಫರ್ಮಾನ ಕಿರು ಪ್ರಮೇಯ 2ರ (ಅ − 1)ನೆಯ ಘಾತದ ಶೇಷವೂ 1 ಎನ್ನುತ್ತದೆ. ಆದ್ದರಿಂದ ಅ − 1 ಎಂಬುದು 64ರ ಗುಣಕ.

ಮಕ್ಕಳು ಗೊಂದಲಗೊಳ್ಳುವುದು ಒಂದೇ ಕಡೆ. 64ರ ಗುಣಕಕ್ಕಿಂತ ಒಂದು ಹೆಚ್ಚಿರುವ ಅವಿಭಾಜ್ಯಗಳೆಲ್ಲ ಈ ಸಂಖ್ಯೆಯನ್ನು ಭಾಗಿಸುತ್ತವೆ ಎಂದು ಅವರು ತಿರುಗಿಸಿ ಓದಿಕೊಳ್ಳುತ್ತಾರೆ. 193, 577 ಆ ರೂಪದಲ್ಲೇ ಇದ್ದರೂ ಭಾಗಿಸುವುದಿಲ್ಲ ಎಂದು ತೋರಿಸಿಬಿಡಿ.

128ರ ಸಾಧನೆಗೆ, 8ರ ಗುಣಕಕ್ಕಿಂತ ಒಂದು ಹೆಚ್ಚಿರುವ ಅವಿಭಾಜ್ಯಗಳ ಶೇಷಲೋಕದಲ್ಲಿ 2 ಒಂದು ವರ್ಗ ಎಂಬ ಸಂಗತಿ ಬೇಕು. ಅದು ಪದವಿ ತರಗತಿಯ ಪಾಠ. ಆದರೆ ಅದರ ಫಲ ಬಲು ಸೊಗಸು. 128ರ ಪಟ್ಟಿಯಲ್ಲಿ 641ರವರೆಗೆ ಇರುವ ಅವಿಭಾಜ್ಯಗಳು 257 ಮತ್ತು 641 ಎರಡೇ. ಅದರಲ್ಲಿ 257ನ್ನು ಭಾಗಿಸದೆಯೇ ಬಿಡಬಹುದು, ಏಕೆಂದರೆ 3 × 5 × 17 × 257 × 65537 = 4294967295. ನಮ್ಮ ಸಂಖ್ಯೆ ಅದಕ್ಕಿಂತ ಎರಡು ಹೆಚ್ಚು; ಹಾಗಾಗಿ ಈ ಐದರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 2. ಉಳಿದದ್ದು 641. ಮೊದಲ ಪ್ರಯತ್ನಕ್ಕೇ ಉತ್ತರ.

ಪ್ರಶ್ನೆ: ನನ್ನ ಅಂಗಡಿಯ ಕ್ಯಾಲ್ಕುಲೇಟರ್‌ನಲ್ಲಿ 8 ಅಂಕಿಗಿಂತ ಹೆಚ್ಚು ಹಿಡಿಯುವುದಿಲ್ಲ. 10 ಅಂಕಿಯ ಸಂಖ್ಯೆಯನ್ನು ಪರೀಕ್ಷಿಸುವುದು ಹೇಗೆ?
— ಓದುಗರು, ಶಿರಸಿ

ಉತ್ತರ: 10 ಅಂಕಿಗಳನ್ನು ಮುಟ್ಟಲೇಬೇಡಿ. 2¹⁶ರ ಶೇಷ ಕಂಡುಹಿಡಿದು ಅದನ್ನೇ ವರ್ಗ ಮಾಡಿದರೆ 2³²ರ ಶೇಷ ಸಿಗುತ್ತದೆ. 65536ನ್ನು 641ರಿಂದ ಭಾಗಿಸಿ: 102 ಚಿಲ್ಲರೆ. 102 × 641 = 65382, ಶೇಷ 154. ಈಗ 154 × 154 = 23716. ಇದನ್ನು 641ರಿಂದ ಭಾಗಿಸಿದರೆ ಪರದೆಯ ಮೇಲೆ 36.998 ಎಂದು ಶುರುವಾಗುವ ಸಂಖ್ಯೆ ಕಾಣುತ್ತದೆ. ಇಲ್ಲಿ ಕೈ ತಪ್ಪುತ್ತದೆ: ‘37 ಅಂದುಕೊಂಡರಾಯಿತು, ಪೂರ್ತಿ ಭಾಗವಾಯಿತು’ ಎಂದು ಬಿಟ್ಟರೆ 641 ಎಂಬುದು 2³²ನ್ನೇ ಭಾಗಿಸಿದಂತಾಗುತ್ತದೆ! 2ರ ಘಾತವನ್ನು ಬೆಸ ಸಂಖ್ಯೆ ಭಾಗಿಸುವುದುಂಟೇ? ಸರಿಯಾಗಿ, 36 × 641 = 23076, ಶೇಷ 640. ಅದಕ್ಕೆ 1 ಸೇರಿಸಿ, 641. ಮುಗಿಯಿತು. ಎಲ್ಲೂ ಐದು ಅಂಕಿ ದಾಟಲಿಲ್ಲ.

ಕ್ಯಾಲ್ಕುಲೇಟರ್ ಕೂಡ ಬೇಡ ಎನ್ನುವವರಿಗೆ ಇನ್ನೊಂದು ದಾರಿ. 641ನ್ನು ಎರಡು ಬಗೆಯಲ್ಲಿ ಬರೆಯಿರಿ: 641 = 5 × 2⁷ + 1, ಮತ್ತು 641 = 5⁴ + 2⁴ (625 + 16). ಮೊದಲನೆಯದರಿಂದ 5 × 2⁷ರ ಶೇಷ −1. ಅದರ ನಾಲ್ಕನೆಯ ಘಾತ 5⁴ × 2²⁸, ಶೇಷ 1. ಎರಡನೆಯದರಿಂದ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2⁴ × 2²⁸, ಅಂದರೆ −2³²ರ ಶೇಷ 1. ಆದ್ದರಿಂದ 2³² + 1ರ ಶೇಷ ಸೊನ್ನೆ. ಒಂದೇ ಒಂದು ದೊಡ್ಡ ಗುಣಾಕಾರವಿಲ್ಲ. ನಮ್ಮ ಮಟ್ಟಿಗೆ ಈ ಪುಟದ ಅತಿ ಚೆಂದದ ನಾಲ್ಕು ಸಾಲು ಇವೇ.

ಪ್ರಶ್ನೆ: 6700417 ಇನ್ನೂ ಒಡೆಯುತ್ತದೆಯೇ? ಸಂಖ್ಯೆಗೆ ಒಟ್ಟು ಎಷ್ಟು ಅಪವರ್ತನಗಳಿವೆ?
— ಬಿ.ಎಸ್ಸಿ. ವಿದ್ಯಾರ್ಥಿ, ತುಮಕೂರು

ಉತ್ತರ: ಒಡೆಯುವುದಿಲ್ಲ. ಇದನ್ನು ನಾಲ್ಕೇ ಭಾಗಾಕಾರದಲ್ಲಿ ಸಾಧಿಸಬಹುದು. 6700417ನ್ನು ಭಾಗಿಸುವುದೆಲ್ಲ ಮೂಲ ಸಂಖ್ಯೆಯನ್ನೂ ಭಾಗಿಸುತ್ತದೆ, ಹಾಗಾಗಿ 128ರ ನಿಯಮ ಇದಕ್ಕೂ ಅನ್ವಯ. ಇದರ ವರ್ಗಮೂಲ 2588ರ ಆಸುಪಾಸು. ಅಲ್ಲಿಯವರೆಗೆ ಆ ರೂಪದ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. 257 ಆಗಲೇ ಹೊರಬಿತ್ತು. ಉಳಿದವುಗಳ ಶೇಷ: 641ಕ್ಕೆ 44, 769ಕ್ಕೆ 120, 1153ಕ್ಕೆ 334, 1409ಕ್ಕೆ 622. 641ನ್ನು ಮತ್ತೆ ಪರೀಕ್ಷಿಸುವುದು ಮರೆಯಬಾರದು. ಒಂದೇ ಅವಿಭಾಜ್ಯ ಎರಡು ಸಲ ಬರಬಹುದಲ್ಲ.

ಅಪವರ್ತನಗಳು ನಾಲ್ಕು: 1, 641, 6700417, 4294967297. ಮೊತ್ತ 4301668356. ಈ ಸಂಖ್ಯೆಗಿಂತ ಚಿಕ್ಕದಾಗಿದ್ದು ಇದರೊಡನೆ 1ರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು ಎಷ್ಟು ಎಂದರೆ 640 × 6700416 = 4288266240.

ಪ್ರಶ್ನೆ: ಪೈಥಾನ್‌ನಲ್ಲಿ ಫರ್ಮಾ ಪರೀಕ್ಷೆ ಮಾಡಿದೆ. 2ನ್ನು ಆಧಾರವಾಗಿಟ್ಟರೆ ಶೇಷ 1 ಬಂತು. ಹಾಗಾದರೆ ಅವಿಭಾಜ್ಯವಲ್ಲವೇ? 641ರಿಂದ ಭಾಗವಾಗುತ್ತದೆ ಎನ್ನುವಿರಿ, ಯಾರನ್ನು ನಂಬಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಉತ್ತರ: 641ನ್ನು. ನಿಮ್ಮ ಪ್ರೋಗ್ರಾಂ ಸರಿಯಾಗಿಯೇ ಇದೆ, ಆರಿಸಿಕೊಂಡ ಆಧಾರ ಮಾತ್ರ ಕೆಟ್ಟದ್ದು. ಫರ್ಮಾ ಪರೀಕ್ಷೆಯಲ್ಲಿ ಆಧಾರವನ್ನು ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೇರಿಸಿ, ಆ ಸಂಖ್ಯೆಯಿಂದಲೇ ಭಾಗಿಸಿ ಶೇಷ ನೋಡುತ್ತೇವೆ. ಅವಿಭಾಜ್ಯವಾದರೆ ಶೇಷ 1 ಬರಲೇಬೇಕು. ಶೇಷ 1 ಬಂದರೆ ಅವಿಭಾಜ್ಯವೇ ಆಗಬೇಕೆಂದಿಲ್ಲ. ಇಲ್ಲಂತೂ 2ನ್ನು ಇಟ್ಟರೆ ಪರೀಕ್ಷೆ ಸೋಲುವುದೇ ಸಾಧ್ಯವಿಲ್ಲ: 2⁶⁴ರ ಶೇಷ 1, ಘಾತಾಂಕವಾದ 4294967296 ಎಂಬುದು 64ರ ಗುಣಕ, ಆದ್ದರಿಂದ ಶೇಷ 1 ಬಂದೇ ಬರುತ್ತದೆ. 4, 8, 16 ಇಟ್ಟರೂ ಅದೇ ಕಥೆ. 3ನ್ನು ಇಟ್ಟು ನೋಡಿ: ಶೇಷ 3029026160. ಅದು 1 ಅಲ್ಲ, ಹಾಗಾಗಿ ಸಂಖ್ಯೆ ಖಂಡಿತ ಅವಿಭಾಜ್ಯವಲ್ಲ. ಅಪವರ್ತನ ಯಾವುದೆಂದು ಮಾತ್ರ ಈ ಪರೀಕ್ಷೆ ಹೇಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ‘ಪವ್’ ಆಜ್ಞೆಗೆ ಆಧಾರ, ಘಾತಾಂಕ, ಭಾಜಕ ಮೂರನ್ನೂ ಒಟ್ಟಿಗೆ ಕೊಡಿ. ಮೊದಲು ಘಾತ ಲೆಕ್ಕಹಾಕಿ ಆಮೇಲೆ ಶೇಷ ತೆಗೆಯಲು ಹೊರಟರೆ 2ಕ್ಕೇ 129 ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆ ಹುಟ್ಟುತ್ತದೆ. 3 ಇಟ್ಟರಂತೂ ಕಂಪ್ಯೂಟರ್ ಹೆಪ್ಪುಗಟ್ಟಿ ಕೂರುತ್ತದೆ. ಮೂರನ್ನೂ ಕೊಟ್ಟರೆ ಪ್ರತಿ ಹೆಜ್ಜೆಗೂ ಶೇಷ ತೆಗೆಯುತ್ತ ಹೋಗುತ್ತದೆ, ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ.

ಪ್ರಶ್ನೆ: ಫರ್ಮಾನಂಥ ಗಣಿತಜ್ಞ ಇದನ್ನು ಅವಿಭಾಜ್ಯ ಎಂದುಕೊಂಡಿದ್ದು ನಿಜವೇ?
— ಓದುಗರು, ಮೈಸೂರು

ಉತ್ತರ: ನಿಜ. 2ರ ಘಾತಾಂಕವಾಗಿ 1, 2, 4, 8, 16 ಇಟ್ಟು ಒಂದು ಸೇರಿಸಿದರೆ 3, 5, 17, 257, 65537 ಬರುತ್ತವೆ; ಐದೂ ಅವಿಭಾಜ್ಯ. ಮುಂದಿನವೂ ಹಾಗೆಯೇ ಎಂದು 1640ರಲ್ಲಿ ಫರ್ಮಾ ಪತ್ರದಲ್ಲಿ ಬರೆದರು, ಸಾಧನೆ ಸಿಕ್ಕಿಲ್ಲ ಎಂದೂ ಒಪ್ಪಿಕೊಂಡರು. ಗೋಲ್ಡ್‌ಬಾಕ್ 1729ರಲ್ಲಿ ಈ ಮಾತನ್ನು ಆಯ್ಲರ್ ಗಮನಕ್ಕೆ ತಂದರು, 1732ರಲ್ಲಿ ಆಯ್ಲರ್ 641ನ್ನು ಮುಂದಿಟ್ಟರು. ವಿಚಿತ್ರವೆಂದರೆ ಅದೇ 1640ರಲ್ಲಿ ಫರ್ಮಾ ಇಂಥದೇ ಶೇಷದ ತರ್ಕದಿಂದ 2³⁷ − 1ನ್ನು 223 ಭಾಗಿಸುತ್ತದೆಂದು ಕಂಡುಕೊಂಡಿದ್ದರು. ಅದೇ ಉಪಾಯವನ್ನು ಇಲ್ಲಿ ಬಳಸಿದ್ದರೆ ಐದು ಭಾಗಾಕಾರದ ಕೆಲಸ. ಇನ್ನು ಆ ಸಾಲಿನ (ಇವನ್ನೇ ಫರ್ಮಾ ಸಂಖ್ಯೆಗಳು, ಇವುಗಳಲ್ಲಿ ಅವಿಭಾಜ್ಯವಾದವನ್ನು ಫರ್ಮಾ ಅವಿಭಾಜ್ಯಗಳು ಎನ್ನುತ್ತಾರೆ) ಉಳಿದ ಕಥೆ: ಎಣಿಕೆಯನ್ನು ಸೊನ್ನೆಯಿಂದ ಶುರುಮಾಡಿದರೆ (3 ಸೊನ್ನೆಯ ಸ್ಥಾನದ್ದು, ನಮ್ಮ ಸಂಖ್ಯೆ ಐದನೆಯದು) ಐದನೆಯದರಿಂದ 32ನೆಯದರವರೆಗೆ ಎಲ್ಲವೂ ಒಡೆಯುವ ಸಂಖ್ಯೆಗಳೆಂದು ತಿಳಿದಿದೆ. ಮೊದಲ ಐದರಾಚೆ ಒಂದೂ ಅವಿಭಾಜ್ಯ ಈವರೆಗೆ ಸಿಕ್ಕಿಲ್ಲ.

ಪ್ರಶ್ನೆ: 65536² + 1² ಎಂದು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದಾದ್ದರಿಂದ ಇದಕ್ಕೆ ಏನಾದರೂ ವಿಶೇಷವಿದೆಯೇ?
— ನಿವೃತ್ತ ಗಣಿತ ಉಪನ್ಯಾಸಕರು, ಉಡುಪಿ

ಉತ್ತರ: ಇದೆ, ಏಕೆಂದರೆ ಇದನ್ನು ಇನ್ನೊಂದು ಬಗೆಯಲ್ಲೂ ಬರೆಯಬಹುದು: 62264² + 20449². (3876805696 + 418161601, ಕೂಡಿಸಿ ನೋಡಿ.) ಅವಿಭಾಜ್ಯ ಸಂಖ್ಯೆ ಎರಡು ವರ್ಗಗಳ ಮೊತ್ತವಾಗುವುದಾದರೆ ಒಂದೇ ಬಗೆಯಲ್ಲಿ ಆಗಬೇಕು. ಎರಡು ಬಗೆ ಸಿಕ್ಕಿತೆಂದರೆ ಒಡೆಯುತ್ತದೆ ಎಂದರ್ಥ, ಒಡೆಯುವ ಜಾಗವೂ ಅದರಲ್ಲೇ ಅಡಗಿರುತ್ತದೆ.

ಸಮವನ್ನು ಸಮದಿಂದ, ಬೆಸವನ್ನು ಬೆಸದಿಂದ ಕಳೆಯಿರಿ: 65536 − 62264 = 3272; 20449 − 1 = 20448. ಇವುಗಳ ಮ.ಸಾ.ಅ. 8. ಹಾಗೆಯೇ ಕೂಡಿಸಿ: 127800 ಮತ್ತು 20450, ಮ.ಸಾ.ಅ. 50. 8 ಮತ್ತು 50ರ ಅರ್ಧ 4 ಮತ್ತು 25. 4² + 25² = 641. ಇನ್ನೊಂದು ಅಪವರ್ತನಕ್ಕೆ 3272 ಮತ್ತು 20448ನ್ನು 8ರಿಂದ ಭಾಗಿಸಿ: 409 ಮತ್ತು 2556. 409² + 2556² = 167281 + 6533136 = 6700417. ಸಮ, ಬೆಸಗಳನ್ನು ಅದಲುಬದಲು ಮಾಡಿದರೆ ವ್ಯತ್ಯಾಸಗಳು ಬೆಸವಾಗಿ ಅರ್ಧ ಮಾಡುವ ಹೆಜ್ಜೆ ಕೂಡಿಬರುವುದಿಲ್ಲ, ಅಷ್ಟು ನೋಡಿಕೊಳ್ಳಿ. ಆ ಎರಡನೆಯ ಜೋಡಿಯನ್ನು ಹುಡುಕುವುದೇ ಕಷ್ಟದ ಕೆಲಸ ಎಂಬುದನ್ನೂ ಹೇಳಬೇಕು. 641 ಗೊತ್ತಿಲ್ಲದವರಿಗೆ ಇದು ಹತ್ತಿರದ ದಾರಿಯಲ್ಲ.

ಪ್ರಶ್ನೆ: 4294967297 ಭುಜಗಳ ಸಮಬಹುಭುಜವನ್ನು ಕೈವಾರ, ಅಳತೆಪಟ್ಟಿಯಿಂದ ರಚಿಸಬಹುದೇ?
— ಓದುಗರು, ಕಲಬುರಗಿ

ಉತ್ತರ: ತಾತ್ತ್ವಿಕವಾಗಿಯೂ ಆಗದು. ಭುಜಗಳ ಸಂಖ್ಯೆಯಲ್ಲಿ 2ರ ಘಾತಗಳನ್ನು ಬಿಟ್ಟರೆ ಫರ್ಮಾ ಅವಿಭಾಜ್ಯಗಳು ಮಾತ್ರ ಇರಬೇಕು, ಪ್ರತಿಯೊಂದೂ ಒಂದೇ ಸಲ. ರಚಿಸಲು ಇಷ್ಟು ಸಾಕು ಎಂದದ್ದು ಗೌಸ್ (17 ಭುಜದ್ದನ್ನು ಅವರು ಕಂಡುಹಿಡಿದದ್ದು 1796ರಲ್ಲಿ). ಇಷ್ಟು ಬೇಕೇ ಬೇಕು ಎಂದು 1837ರಲ್ಲಿ ಸಾಧಿಸಿದ್ದು ವಾಂಟ್ಸೆಲ್. 641 ಅವಿಭಾಜ್ಯವಾದರೂ ಫರ್ಮಾ ಅವಿಭಾಜ್ಯವಲ್ಲ. ನಿಮ್ಮ ಬಹುಭುಜ ಸಿಕ್ಕಿದ್ದರೆ 6700417 ಶೃಂಗಗಳಿಗೊಂದರಂತೆ ಆರಿಸಿ ಜೋಡಿಸಿ 641 ಭುಜದ್ದನ್ನು ಪಡೆಯಬಹುದಿತ್ತು, ಅದು ಅಸಾಧ್ಯ.

ಎರಡು ಭುಜ ಕಡಿಮೆ ಮಾಡಿ ನೋಡಿ! 4294967295 ಎಂಬುದು ಗೊತ್ತಿರುವ ಐದೂ ಫರ್ಮಾ ಅವಿಭಾಜ್ಯಗಳ ಗುಣಲಬ್ಧ. ರಚಿಸಬಹುದೆಂದು ಗೊತ್ತಿರುವ ಬೆಸ ಭುಜಗಳ ಬಹುಭುಜಗಳು 31. ಅವುಗಳಲ್ಲಿ ಅತಿ ದೊಡ್ಡದು ಇದೇ. ಭೂಮಿಯ ಸಮಭಾಜಕ ವೃತ್ತದಷ್ಟು ದೊಡ್ಡದಾಗಿ ಬರೆದರೂ ಒಂದು ಭುಜ 9.3 ಮಿಲಿಮೀಟರ್ ಆದೀತು.

ಪ್ರಶ್ನೆ: ಸಿ ಭಾಷೆಯ ಪ್ರೋಗ್ರಾಂನಲ್ಲಿ ಈ ಸಂಖ್ಯೆ ಕೊಟ್ಟರೆ 1 ಎಂದು ಮುದ್ರಿಸುತ್ತದೆ. ಎಕ್ಸೆಲ್‌ನಲ್ಲಿ ಸರಿಯಾಗಿದೆ, ಆದರೆ ಇದರ ಮುಂದಿನ ಫರ್ಮಾ ಸಂಖ್ಯೆ ಹಾಕಿದರೆ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಏಕೆ?
— ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ಉತ್ತರ: ಎರಡೂ ಜಾಗದ ಕೊರತೆ. ಸಿ ಭಾಷೆಯ ‘ಇಂಟ್’ ಸಾಮಾನ್ಯವಾಗಿ 32 ಬಿಟ್‌ಗಳದ್ದು. 2³²ನ್ನು ಮೀರಿದ್ದು ಉದುರಿಹೋಗುತ್ತದೆ, 2³² + 1ರಲ್ಲಿ ಉಳಿಯುವುದು 1. ‘ಲಾಂಗ್ ಲಾಂಗ್’ ಎಂದು ಘೋಷಿಸಿ. ಅಷ್ಟೇ ಸಾಲದು: ಭಾಜಕವನ್ನು ‘ಇಂಟ್’ ಆಗಿಯೇ ಬಿಟ್ಟು, ಅದರ ವರ್ಗ ಸಂಖ್ಯೆಯನ್ನು ಮೀರುವವರೆಗೆ ಲೂಪ್ ಓಡಿಸಿದರೆ 46341ರಲ್ಲಿ ಆ ವರ್ಗ 2147483647ನ್ನು ದಾಟಿ ಲೆಕ್ಕ ಹಳ್ಳ ಹಿಡಿಯುತ್ತದೆ. ಇಲ್ಲಿ 641ಕ್ಕೇ ನಿಲ್ಲುವುದರಿಂದ ಈ ದೋಷ ಕಾಣಿಸದು, ಇಷ್ಟೇ ದೊಡ್ಡ ಅವಿಭಾಜ್ಯವೊಂದನ್ನು ಕೊಟ್ಟಾಗ ಹೊರಬರುತ್ತದೆ. ಭಾಜಕವೂ ‘ಲಾಂಗ್ ಲಾಂಗ್’ ಆಗಿರಲಿ.

ಎಕ್ಸೆಲ್ 15 ಅಂಕಿಗಳನ್ನಷ್ಟೇ ಕಾಪಾಡುತ್ತದೆ. ಮುಂದಿನ ಫರ್ಮಾ ಸಂಖ್ಯೆ 2⁶⁴ + 1 = 18446744073709551617, 20 ಅಂಕಿ. ಅದು 18446744073709500000 ಆಗಿಬಿಡುತ್ತದೆ. ಆ ಬಳಿಕ ತೆಗೆದ ಶೇಷಕ್ಕೆ ಅರ್ಥವಿಲ್ಲ. ಶಿರಸಿಯವರಿಗೆ ಹೇಳಿದ ವರ್ಗದ ದಾರಿಯಲ್ಲಿ ಹೋದರೆ ಎಕ್ಸೆಲ್‌ನಲ್ಲೇ ಇದನ್ನು ಒಡೆಯಬಹುದು. ಇದರ ಅಪವರ್ತನಗಳು 256ರ ಗುಣಕಕ್ಕಿಂತ ಒಂದು ಹೆಚ್ಚಿರುತ್ತವೆ. 256 × 1071 + 1 = 274177 ಅಂಥದ್ದೊಂದು. 2³² ಅಂದರೆ 4294967296ನ್ನು 274177ರಿಂದ ಭಾಗಿಸಿದರೆ ಶೇಷ 258768. ಅದರ ವರ್ಗ 66960877824, ಹನ್ನೊಂದೇ ಅಂಕಿ, ಎಕ್ಸೆಲ್‌ಗೆ ಸಲೀಸು. ಮತ್ತೆ ಶೇಷ ತೆಗೆಯಿರಿ: 274176. ಒಂದು ಸೇರಿಸಿದರೆ ಭಾಜಕವೇ ಬಂತು. 1880ರಲ್ಲಿ ಲ್ಯಾಂಡ್ರಿ ಪ್ರಕಟಿಸಿದ ಅಪವರ್ತನ ಇದು, ಇನ್ನೊಂದು 67280421310721. ಅದೂ ಅವಿಭಾಜ್ಯ.